ಸೈಕಲ್ ಪ್ರವಾಸ: ಏರು-ಇಳಿವಿನ ಪ್ರಶಾಂತ ಹಾದಿಗಳ ಅಭ್ಯಾಸ

ಕೋಶ ಓದಬೇಕು, ದೇಶ ಸುತ್ತಬೇಕು ಎಂಬುದು ನಮ್ಮ ಹಿರಿಯರ ಮಾತು. ಕೋಶವನ್ನು ಓದಿಸುವ ಹೊಣೆಯನ್ನು ಶಾಲೆಯು ಹೊತ್ತಿದೆ. ದೇಶವನ್ನು ಸುತ್ತಿಸುವ ಹೊಣೆಯನ್ನು ಮಾತ್ರ ನಾವು ಬಸ್ಸಿಗೂ ರೈಲಿಗೂ ಒಪ್ಪಿಸಿ ಸುಮ್ಮನಾಗಿದ್ದೇವೆ. ಆದರೆ ಬಸ್ಸಿನಲ್ಲಿ ಕುಳಿತವನಿಗೆ ಊರುಗಳ ಹೆಸರುಗಳು ಕಾಣುವುವೇ ಹೊರತು ಊರುಗಳು ಕಾಣುವುದಿಲ್ಲ. ಕಾಲ್ನಡಿಗೆಯವನಿಗೆ ಎಲ್ಲವೂ ಕಾಣುವುದು ನಿಜ. ಆದರೆ ಅವನ ಒಂದು ದಿನದ ಹಾದಿ ಇಪ್ಪತ್ತೈದು ಕಿಲೋಮೀಟರಿಗೆ ಮುಗಿದುಹೋಗುತ್ತದೆ. ಇವೆರಡರ ನಡುವೆ ನಿಂತಿರುವ ವಾಹನವೆಂದರೆ ಸೈಕಲ್. ಅದು ನಡೆಯುವವನ ಕಣ್ಣನ್ನು ಕಸಿದುಕೊಳ್ಳದೆ ಅವನ ಕಾಲಿಗೆ ಮೂರು ಪಟ್ಟು ವೇಗವನ್ನು ಕೊಡುತ್ತದೆ. ಎಣ್ಣೆಯನ್ನು ಕೇಳುವುದಿಲ್ಲ, ಹೊಗೆಯನ್ನು ಉಗುಳುವುದಿಲ್ಲ, ಪರವಾನಿಗೆಯನ್ನು ಬೇಡುವುದಿಲ್ಲ.

ಸೈಕಲ್ಲಿನ ಮೇಲೆ ದೂರ ಹೋಗುವುದು ಕೇವಲ ಪಾಶ್ಚಾತ್ಯರ ಹವ್ಯಾಸವೆಂದು ಯಾರೂ ತಿಳಿಯಬಾರದು. 1923ರ ಅಕ್ಟೋಬರ್ ತಿಂಗಳಲ್ಲಿ ಮುಂಬಯಿಯಿಂದ ಆರು ಮಂದಿ ಪಾರಸಿ ತರುಣರು ಸೈಕಲ್ಲುಗಳ ಮೇಲೆ ಜಗತ್ಪ್ರದಕ್ಷಿಣೆಗೆ ಹೊರಟರು. ಅವರಲ್ಲಿ ಆದಿ ಹಕೀಮ, ಜಾಲ್ ಬಾಪಸೋಲಾ, ರುಸ್ತುಂ ಭುಮಗರಾ ಎಂಬ ಮೂವರು 1928ರಲ್ಲಿ ಪ್ರದಕ್ಷಿಣೆಯನ್ನು ಪೂರೈಸಿ ಮರಳಿ ಮುಂಬಯಿಯನ್ನು ಸೇರಿದರು. ಅವರು ತುಳಿದ ದಾರಿ ಎಪ್ಪತ್ತು ಸಾವಿರ ಕಿಲೋಮೀಟರಿಗೂ ಮಿಗಿಲು. ನಮ್ಮ ನೆರೆಯ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸಾಮಾನ್ಯ ರೈತ ಕುಟುಂಬಗಳ ಮಕ್ಕಳು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಪದಕಗಳನ್ನು ತಂದಿದ್ದಾರೆ. ಆದುದರಿಂದ ಈ ವಿದ್ಯೆ ನಮ್ಮ ನೆಲಕ್ಕೆ ಪರಕೀಯವಲ್ಲ.

ಈ ಪಾಠದಲ್ಲಿ ನಾವು ಮೂರು ಸಂಗತಿಗಳನ್ನು ಅಭ್ಯಸಿಸೋಣ. ಏರು-ಇಳಿವುಗಳ ಸೀಮೆಯಲ್ಲಿ ಪ್ರಶಾಂತವಾದ ಹಾದಿ ಎಂದರೇನು. ಅಂಥ ಹಾದಿಯ ಏರನ್ನು ಅಳೆಯುವುದು ಹೇಗೆ. ಸೊಲ್ಲಾಪುರ ಮತ್ತು ಅಕ್ಕಲಕೋಟೆಗಳ ಸುತ್ತ ಅಂಥ ಹಾದಿಗಳು ಎಲ್ಲಿವೆ. ಕೊನೆಯಲ್ಲಿ ಪಾಲಕರಿಗೆ ಸಲ್ಲಬೇಕಾದ ಎರಡು ಮಾತುಗಳಿವೆ.

1. ಇಟಲಿಯ ಬಿಳಿಯ ಹಾದಿಗಳು

ಗುಡ್ಡಗಾಡಿನ ಸೈಕಲ್ ಪ್ರವಾಸಕ್ಕೆ ಜಗತ್ತಿನಲ್ಲೇ ಹೆಸರಾದ ಪ್ರದೇಶ ಇಟಲಿ ದೇಶದ ತೊಸ್ಕಾನ ಪ್ರಾಂತ. ಅಲ್ಲಿ ಫ್ಲಾರೆನ್ಸ್ ಮತ್ತು ಸಿಯೆನ್ನಾ ನಗರಗಳ ನಡುವೆ ಕಿಯಾಂತಿ ಎಂಬ ಗುಡ್ಡಗಳ ಸೀಮೆಯುಂಟು. ದ್ರಾಕ್ಷಿಯ ತೋಟಗಳು, ಆಲಿವ್ ಮರಗಳು, ಕಂಬದಂತೆ ನೆಟ್ಟಗೆ ನಿಂತ ಸೈಪ್ರಸ್ ಮರಗಳ ಸಾಲುಗಳು, ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ಹಳ್ಳಿಗಳು - ಇದು ಅಲ್ಲಿಯ ನೋಟ. ಈ ಹಳ್ಳಿಗಳನ್ನು ಹೊಲಗಳೊಡನೆ ಕೂಡಿಸುವ, ಡಾಂಬರನ್ನು ಕಾಣದ, ಸುಣ್ಣಕಲ್ಲಿನ ನುಚ್ಚನ್ನು ಹಾಸಿದ ದಾರಿಗಳಿಗೆ ಆ ಜನರು 'ಬಿಳಿಯ ಹಾದಿ'ಗಳೆಂದು ಕರೆಯುತ್ತಾರೆ.

ಒಂದು ಕಾಲಕ್ಕೆ ಈ ಹಾದಿಗಳು ಒಂದೊಂದಾಗಿ ಡಾಂಬರಿನ ಕೆಳಗೆ ಮುಚ್ಚಿಹೋಗತೊಡಗಿದವು. ಆಗ ಕಿಯಾಂತಿಯ ಗಾಯೋಲೆ ಎಂಬ ಸಣ್ಣ ಊರಿನಲ್ಲಿ 1997ರಲ್ಲಿ 'ಎರೋಯಿಕಾ', ಅಂದರೆ 'ವೀರರ ಸವಾರಿ', ಎಂಬ ಸೈಕಲ್ ಯಾತ್ರೆಯನ್ನು ಆರಂಭಿಸಿದರು. ಅದು ಗೆಲ್ಲುವವರ ಪಂದ್ಯವಲ್ಲ. 1987ಕ್ಕಿಂತ ಹಿಂದಿನ ಮಾದರಿಯ ಹಳೆಯ ಸೈಕಲ್ಲುಗಳನ್ನೇರಿ ಹಳೆಯ ಹಾದಿಗಳಲ್ಲಿ ಸಾಗುವುದು ಅದರ ನಿಯಮ. ಜನರು ಪ್ರೀತಿಯಿಂದ ಬಳಸುವ ಹಾದಿಯನ್ನು ಯಾರೂ ಸುಲಭವಾಗಿ ಅಳಿಸಲಾರರು ಎಂಬುದು ಅದರ ಹಿಂದಿನ ತತ್ತ್ವ. 2007ರಿಂದ ಅದೇ ಹಾದಿಗಳ ಮೇಲೆ ವೃತ್ತಿಪರ ಸವಾರರ ಪಂದ್ಯವೂ ನಡೆಯುತ್ತಲಿದೆ; ಅದು ಸಿಯೆನ್ನಾ ನಗರದ ಪ್ರಾಚೀನ ಚೌಕದಲ್ಲಿ ಕೊನೆಗೊಳ್ಳುತ್ತದೆ. ಸಿಯೆನ್ನಾದ ದಕ್ಷಿಣಕ್ಕಿರುವ ಓರ್ಚಾ ನದಿಯ ಕಣಿವೆಯನ್ನು 2004ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ತಾಣವೆಂದು ಮಾನ್ಯಮಾಡಿತು. ಅಲ್ಲಿ ಮಾನ್ಯವಾದುದು ಅರಮನೆಯಲ್ಲ, ಒಕ್ಕಲಿಗರು ಶತಮಾನಗಳಿಂದ ರೂಪಿಸಿದ ಹೊಲಗಳ ಭೂದೃಶ್ಯ.

ಆ ದೇಶದವರಿಗೆ ಸೈಕಲ್ಲಿನ ಮೇಲಿರುವ ಅಭಿಮಾನ ಎಷ್ಟೆಂಬುದಕ್ಕೆ ಎರಡು ಉದಾಹರಣೆಗಳನ್ನು ಹೇಳಬಹುದು. ಕೋಮೋ ಸರೋವರದ ಮೇಲ್ಗಡೆ ಘಿಸಾಲ್ಲೋ ಎಂಬ ಘಟ್ಟದ ನೆತ್ತಿಯಲ್ಲಿ ಮೇರಿ ಮಾತೆಯ ಚಿಕ್ಕ ಗುಡಿಯೊಂದಿದೆ. 1949ರಲ್ಲಿ ಪೋಪ್ ಗುರುಗಳು ಆ ಮಾತೆಯನ್ನು ಸೈಕಲ್ ಸವಾರರ ರಕ್ಷಕಳೆಂದು ಸಾರಿದರು. ಹೆಸರಾದ ಸವಾರರ ಸೈಕಲ್ಲುಗಳನ್ನು ಅಲ್ಲಿಯ ಗೋಡೆಗೆ ಕಾಣಿಕೆಯಾಗಿ ತೂಗುಹಾಕಿದ್ದಾರೆ. ಖಂಡೇನವಮಿಯ ದಿನ ಸೈಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುವ ನಮಗೆ ಈ ಭಾವವು ಹೊಸದೆನಿಸದು.

ಎರಡನೆಯದು ಜೀನೋ ಬಾರ್ತಾಲಿ ಎಂಬ ಸವಾರನ ಚರಿತ್ರೆ. ಈತನು 1938ರಲ್ಲಿ ಮತ್ತು 1948ರಲ್ಲಿ ಫ್ರಾನ್ಸ್ ದೇಶದ ಮಹಾಪಂದ್ಯವನ್ನು ಗೆದ್ದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943-44ರಲ್ಲಿ, ಜರ್ಮನ್ ಸೇನೆಯು ಇಟಲಿಯ ಯಹೂದಿಗಳನ್ನು ಹುಡುಕಿ ಸೆರೆಹಿಡಿಯುತ್ತಿದ್ದಾಗ ಈತನು ಅಭ್ಯಾಸದ ಸವಾರಿಯ ನೆಪಮಾಡಿ ಫ್ಲಾರೆನ್ಸ್‌ನಿಂದ ಅಸ್ಸೀಸಿಯವರೆಗೆ ಗುಡ್ಡಗಳ ಹಾದಿಯಲ್ಲಿ ಹೋಗಿಬರುತ್ತಿದ್ದನು. ಅವರ ಪ್ರಾಣವನ್ನು ಉಳಿಸಬಲ್ಲ ಗುರುತಿನ ಕಾಗದಗಳು ಅವನ ಸೈಕಲ್ಲಿನ ಟೊಳ್ಳು ಕೊಳವೆಗಳೊಳಗೆ ಅಡಗಿರುತ್ತಿದ್ದವು. ಯುದ್ಧವು ಮುಗಿದ ಮೇಲೂ ಅವನು ಇದನ್ನು ಎಲ್ಲಿಯೂ ಹೇಳಿಕೊಂಡು ತಿರುಗಲಿಲ್ಲ. ಅವನು 2000ದಲ್ಲಿ ಮರಣಹೊಂದಿದನು. ಇಸ್ರೇಲ್ ದೇಶದ ಸ್ಮಾರಕ ಸಂಸ್ಥೆಯು 2013ರಲ್ಲಿ ಅವನನ್ನು ಸತ್ಪುರುಷರ ಪಟ್ಟಿಗೆ ಸೇರಿಸಿ ಗೌರವಿಸಿತು. ಕಾಲಿನ ಬಲವು ದೊಡ್ಡದು. ಆ ಬಲವನ್ನು ಯಾವುದಕ್ಕೆ ಬಳಸಿದೆವು ಎಂಬುದು ಅದಕ್ಕಿಂತ ದೊಡ್ಡದು.

2. ನಮ್ಮ ಸೀಮೆಯ ನೆಲ

ಕಿಯಾಂತಿಯನ್ನು ಕುರಿತು ಓದಿದ ವಿದ್ಯಾರ್ಥಿಯು, 'ನಮ್ಮದು ಬಯಲುಸೀಮೆ, ಇಲ್ಲಿ ಗುಡ್ಡಗಳೆಲ್ಲಿವೆ?' ಎಂದು ಕೇಳಬಹುದು. ಲೆಕ್ಕವನ್ನು ನೋಡೋಣ. ಸಿಯೆನ್ನಾ ನಗರವು ಸಮುದ್ರಮಟ್ಟದಿಂದ ಸುಮಾರು 320 ಮೀಟರ್ ಎತ್ತರದಲ್ಲಿದೆ. ಕಿಯಾಂತಿಯ ರಾದ್ದಾ ಎಂಬ ಊರು ಸುಮಾರು 530 ಮೀಟರ್. ನಮ್ಮ ಸೊಲ್ಲಾಪುರವು ಸುಮಾರು 457 ಮೀಟರ್. ಬಾಲಾಘಾಟ ಬೆಟ್ಟಗಳ ಅಂಚಿನಲ್ಲಿರುವ ತುಳಜಾಪುರವು ಸುಮಾರು 650 ಮೀಟರ್. ಎತ್ತರದಲ್ಲಿ ನಾವು ಅವರಿಗೆ ಕಡಿಮೆಯವರಲ್ಲ. ಭೇದವಿರುವುದು ನೆಲದ ಮಡಿಕೆಗಳಲ್ಲಿ. ಅಲ್ಲಿಯ ನೆಲವು ಚಿಕ್ಕಚಿಕ್ಕ ಮಡಿಕೆಗಳಾಗಿ ಮುದುಡಿಕೊಂಡಿದೆ. ಇಲ್ಲಿಯ ನೆಲವು ಉದ್ದುದ್ದ ಅಲೆಗಳಾಗಿ ಹರಡಿಕೊಂಡಿದೆ.

ಇದಕ್ಕೆ ಕಾರಣವು ನೆಲದ ಹುಟ್ಟಿನಲ್ಲಿದೆ. ಸಿಯೆನ್ನಾದ ಸುತ್ತಲಿನ ಜೇಡಿಮಣ್ಣಿನ ದಿಣ್ಣೆಗಳು ಹಿಂದೊಮ್ಮೆ ಸಮುದ್ರದ ತಳವಾಗಿದ್ದವು; ನೀರು ಹಿಂಜರಿದ ಮೇಲೆ ಮಳೆಯು ಆ ಮೆದುಮಣ್ಣನ್ನು ಕೊರೆದು ದಿಣ್ಣೆ-ಕೊರಕಲುಗಳನ್ನು ಮಾಡಿತು. ನಮ್ಮ ದಖ್ಖನ ಪ್ರಸ್ಥಭೂಮಿಯಾದರೋ ಬೆಂಕಿಯಲ್ಲಿ ಹುಟ್ಟಿದ್ದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲವು ಬಿರಿದು, ಲಾವಾರಸವು ಮತ್ತೆ ಮತ್ತೆ ಉಕ್ಕಿ ಪದರು ಪದರಾಗಿ ಹೆಪ್ಪುಗಟ್ಟಿತು. ಈ ಪದರುಗಳು ಸವೆಯುವಾಗ ಮೆಟ್ಟಿಲುಗಳ ಆಕಾರವುಂಟಾಗುತ್ತದೆ. ಸೊಲ್ಲಾಪುರದಿಂದ ತುಳಜಾಪುರಕ್ಕೆ ಹೋಗುವಾಗ ಬಹುದೂರ ಸಮತಟ್ಟಾದ ನೆಲವಿದ್ದು, ಕೊನೆಯಲ್ಲಿ ಒಮ್ಮೆಲೇ ಘಟ್ಟವು ಎದುರಾಗುವುದು ಈ ಮೆಟ್ಟಿಲ ರಚನೆಯಿಂದಲೇ.

ಇದೇ ಕರಿಯ ಕಲ್ಲು ಕೊಳೆತು ನಮ್ಮ ಎರೆಮಣ್ಣಾಯಿತು. ಹಿಂಗಾರಿ ಜೋಳಕ್ಕೆ ತಾಯಿಯಂತಿರುವ ಈ ಮಣ್ಣು ಸೈಕಲ್ಲಿಗೆ ಮಾತ್ರ ಮಳೆಗಾಲದಲ್ಲಿ ಮಹಾಶತ್ರು. ಒಂದು ಹದಮಳೆ ಬಿದ್ದರೆ ಸಾಕು, ಮಣ್ಣು ಚಕ್ರಕ್ಕೆ ಅಂಟಿ, ಮಡ್ಗಾರ್ಡಿನಲ್ಲಿ ತುಂಬಿ, ಚಕ್ರವು ತಿರುಗದಂತಾಗುತ್ತದೆ. ಆದುದರಿಂದ ಆ ದಿನಗಳಲ್ಲಿ ಗರಸು ಹಾಕಿದ ದಾರಿ ಅಥವಾ ಡಾಂಬರಿನ ಹಳ್ಳಿದಾರಿಯನ್ನೇ ಹಿಡಿಯಬೇಕು. ಗರಸಿನ ದಾರಿಗಳೇ ನಮ್ಮ ಪಾಲಿನ 'ಬಿಳಿಯ ಹಾದಿ'ಗಳು.

3. ಏರನ್ನು ಅಳೆಯುವ ಬಗೆ

'ಆ ದಾರಿ ಬಹಳ ಏರು' ಎಂಬ ಮಾತಿನಿಂದ ಶಾಸ್ತ್ರವಾಗುವುದಿಲ್ಲ. ಏರನ್ನು ಸಂಖ್ಯೆಯಲ್ಲಿ ಹೇಳಬೇಕು. ನೂರು ಮೀಟರ್ ಮುಂದೆ ಸಾಗಿದಾಗ ದಾರಿಯು ಎಷ್ಟು ಮೀಟರ್ ಮೇಲೇರುತ್ತದೆಯೋ ಅದು ಶೇಕಡಾ ಏರು. ಶೇಕಡಾ 2ರ ಏರು ಕಣ್ಣಿಗೆ ಕಾಣದಿದ್ದರೂ ಕಾಲಿಗೆ ತಿಳಿಯುತ್ತದೆ. ಶೇಕಡಾ 5ರ ಏರಿನಲ್ಲಿ ಸಾಮಾನ್ಯ ಸೈಕಲ್ಲಿನ ಸವಾರನು ಸೀಟಿನಿಂದ ಏಳುತ್ತಾನೆ. ಶೇಕಡಾ 8ನ್ನು ದಾಟಿದರೆ ಸಾಮಾನು ಹೇರಿದ ಸೈಕಲ್ಲನ್ನು ಇಳಿದು ತಳ್ಳುವುದೇ ಜಾಣತನ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಇದನ್ನು ಅಳೆಯಲು ದುಬಾರಿ ಉಪಕರಣವು ಬೇಡ. ಒಂದು ಮೀಟರ್ ಉದ್ದದ ನೇರವಾದ ಹಲಗೆ, ಮೇಸ್ತ್ರಿಗಳು ಬಳಸುವ ಮಟ್ಟಗೋಲು, ಒಂದು ಅಳತೆಪಟ್ಟಿ - ಇಷ್ಟಿದ್ದರೆ ಸಾಕು. ಹಲಗೆಯನ್ನು ದಾರಿಯ ನೇರಕ್ಕೆ ಇಟ್ಟು, ಮಟ್ಟಗೋಲಿನ ಗುಳ್ಳೆಯು ನಡುವಿಗೆ ಬರುವವರೆಗೆ ತಗ್ಗಿನ ತುದಿಯನ್ನು ಎತ್ತಬೇಕು. ಎತ್ತಿದ್ದು 4 ಸೆಂಟಿಮೀಟರ್ ಆದರೆ ಏರು ಶೇಕಡಾ 4. ದಾರಿಯ ಹಲವು ಸ್ಥಳಗಳಲ್ಲಿ ಅಳೆದು ಸರಾಸರಿಯನ್ನು ತೆಗೆಯಬೇಕು.

ಹೋಗದಿರುವ ದಾರಿಯ ಏರನ್ನು ನಕ್ಷೆಯಿಂದ ತಿಳಿಯಬಹುದು. ಭಾರತೀಯ ಸರ್ವೇಕ್ಷಣ ಇಲಾಖೆಯು ಪ್ರಕಟಿಸುವ 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಅದರಲ್ಲಿ ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳಿರುತ್ತವೆ. ಒಂದು ರೇಖೆಗೂ ಮುಂದಿನದಕ್ಕೂ 20 ಮೀಟರ್ ಎತ್ತರದ ಅಂತರ. ರೇಖೆಗಳು ದೂರ ದೂರವಿದ್ದರೆ ನೆಲವು ಸಮ, ಒತ್ತೊತ್ತಾಗಿದ್ದರೆ ಕಡಿದು. ದಾರಿಯು ನಕ್ಷೆಯ 4 ಸೆಂಟಿಮೀಟರಿನೊಳಗೆ ಇಂಥ ಐದು ಅಂತರಗಳನ್ನು ಏರಿತೆನ್ನೋಣ. ಎತ್ತರ 100 ಮೀಟರ್, ದೂರ 2,000 ಮೀಟರ್. ಆದುದರಿಂದ ಏರು ಶೇಕಡಾ 5.

ಇಲ್ಲಿ ಒಂದು ಎಚ್ಚರಿಕೆ. ಸೊಲ್ಲಾಪುರದಿಂದ ತುಳಜಾಪುರಕ್ಕೆ ಸುಮಾರು 45 ಕಿಲೋಮೀಟರ್. ಏರು ಸುಮಾರು 190 ಮೀಟರ್. ಸರಾಸರಿ ತೆಗೆದರೆ ಶೇಕಡಾ ಅರ್ಧಕ್ಕಿಂತಲೂ ಕಡಿಮೆ! ಆದರೆ ಘಟ್ಟದ ಬುಡದಲ್ಲಿ ನಿಂತವನಿಗೆ ಈ ಸರಾಸರಿಯಿಂದ ಸಮಾಧಾನವಾಗದು. ಸರಾಸರಿಯು ಸುಳ್ಳನ್ನು ಹೇಳುವುದಿಲ್ಲ. ಆದರೆ ಎಲ್ಲವನ್ನೂ ಹೇಳುವುದಿಲ್ಲ. ಗಣಿತದ ಈ ಪಾಠವನ್ನು ಘಟ್ಟದಷ್ಟು ಚೆನ್ನಾಗಿ ಯಾವ ಗುರುವೂ ಕಲಿಸಲಾರನು.

4. ರೊಟ್ಟಿಯ ಲೆಕ್ಕ, ಹಲ್ಲಿನ ಲೆಕ್ಕ

ಏರನ್ನು ಹತ್ತುವ ಶಕ್ತಿ ಎಲ್ಲಿಂದ ಬರುತ್ತದೆ? ಊಟದಿಂದ. 45 ಕಿಲೋ ತೂಕದ ವಿದ್ಯಾರ್ಥಿ, 20 ಕಿಲೋ ತೂಕದ ಸೈಕಲ್, 5 ಕಿಲೋ ಸಾಮಾನು - ಒಟ್ಟು 70 ಕಿಲೋ. ಇದನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಕೆಲಸ 70 × 9.8 × 100, ಅಂದರೆ 68,600 ಜೂಲ್. ಆಹಾರದ ಅಳತೆಯಲ್ಲಿ ಸುಮಾರು 16 ಕಿಲೋಕ್ಯಾಲರಿ. ನಮ್ಮ ದೇಹವು ತಿಂದ ಆಹಾರದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆ. ಉಳಿದದ್ದು ಶಾಖವಾಗಿ ಬೆವರಿನೊಡನೆ ಹೋಗುತ್ತದೆ. ಆದುದರಿಂದ ತಿನ್ನಬೇಕಾದುದು ಸುಮಾರು 65 ಕಿಲೋಕ್ಯಾಲರಿ. ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 350 ಕಿಲೋಕ್ಯಾಲರಿ ಉಂಟು. ನೂರು ಮೀಟರ್ ಗುಡ್ಡವನ್ನು ಏರುವುದಕ್ಕೆ ಅಂಥ ರೊಟ್ಟಿಯ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ ಸಾಕು! ತಾಯಂದಿರು ಕಟ್ಟಿಕೊಡುವ ಎರಡು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಬೆಲ್ಲ ಇವುಗಳಲ್ಲಿ ಒಂದು ದಿನದ ಗುಡ್ಡಗಳೆಲ್ಲವೂ ಅಡಗಿವೆ.

ಶಕ್ತಿಯಿದ್ದರೂ ಅದನ್ನು ಚಕ್ರಕ್ಕೆ ಮುಟ್ಟಿಸುವ ಉಪಾಯವು ಬೇಕು. ನಿಮ್ಮ ಸೈಕಲ್ಲಿನ ಮುಂದಿನ ಹಲ್ಲುಗಾಲಿಯಲ್ಲಿ 44 ಹಲ್ಲುಗಳು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲುಗಳು ಇವೆಯೆಂದು ಎಣಿಸೋಣ. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರವು 44 ÷ 18, ಅಂದರೆ 2.44 ಸುತ್ತು ತಿರುಗುತ್ತದೆ. ಇಪ್ಪತ್ತೆಂಟು ಇಂಚಿನ ಚಕ್ರದ ಸುತ್ತಳತೆ ಸುಮಾರು 2.23 ಮೀಟರ್. ಆದುದರಿಂದ ಒಂದು ತುಳಿತದ ಸುತ್ತಿಗೆ ಸುಮಾರು 5.4 ಮೀಟರ್ ಮುಂದೆ ಹೋಗುತ್ತೇವೆ. ಫ್ರೀವೀಲನ್ನು ಬದಲಿಸಿ 22 ಹಲ್ಲಿನದನ್ನು ಹಾಕಿಸಿದರೆ ಅದೇ ಸುತ್ತಿಗೆ ಸುಮಾರು 4.5 ಮೀಟರ್ ಮಾತ್ರ ಸಾಗುತ್ತೇವೆ. ಆದರೆ ಪಾದಕ್ಕೆ ಬೀಳುವ ಭಾರವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ದೂರದಲ್ಲಿ ಬಿಟ್ಟುಕೊಟ್ಟದ್ದನ್ನು ಬಲದಲ್ಲಿ ಪಡೆಯುತ್ತೇವೆ. ಬಾವಿಯ ಗಡಗಡಿ, ಸನ್ನೆಗೋಲು, ಇಳಿಜಾರು ಹಲಗೆ ಇವೆಲ್ಲವುಗಳಲ್ಲಿಯೂ ಇದೇ ನಿಯಮ. ಗಿಯರಿನ ಸೈಕಲ್ಲೆಂದರೆ ಇಂಥ ಹಲವು ಹಲ್ಲುಗಾಲಿಗಳನ್ನು ಒಟ್ಟಿಗೆ ಹೊತ್ತಿರುವ ಸೈಕಲ್ಲೇ ಹೊರತು ಬೇರೇನೂ ಅಲ್ಲ.

5. ಇಳಿಜಾರಿನ ವಿವೇಕ

ಏರುವಾಗ ಬೇಕಾದುದು ಬಲ. ಇಳಿಯುವಾಗ ಬೇಕಾದುದು ವಿವೇಕ. ಗಂಟೆಗೆ 18 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಅಡ್ಡ ಬಂದ ಎಮ್ಮೆಯನ್ನು ಕಂಡು ಬ್ರೇಕು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆದು 5 ಮೀಟರ್ ಸಾಗಿರುತ್ತೇವೆ. ಬ್ರೇಕಿನಿಂದ ಪ್ರತಿ ಸೆಕೆಂಡಿಗೆ ವೇಗವು 2.5 ಮೀಟರಿನಷ್ಟು ತಗ್ಗುವುದೆಂದು ಎಣಿಸಿದರೆ, ನಿಲ್ಲಲು ಮತ್ತೆ 5 ಮೀಟರ್ ಬೇಕು. ಒಟ್ಟು 10 ಮೀಟರ್. ಈಗ ವೇಗವನ್ನು ಇಮ್ಮಡಿಗೊಳಿಸಿ ಗಂಟೆಗೆ 36 ಕಿಲೋಮೀಟರ್ ಮಾಡೋಣ. ಬ್ರೇಕು ಹಿಡಿಯುವ ಮುನ್ನ 10 ಮೀಟರ್, ಆಮೇಲೆ 20 ಮೀಟರ್. ಒಟ್ಟು 30 ಮೀಟರ್. ವೇಗವು ಇಮ್ಮಡಿಯಾದರೆ ಬ್ರೇಕಿನ ದೂರವು ನಾಲ್ಮಡಿಯಾಯಿತು! ಶೇಕಡಾ 5ರ ಇಳಿಜಾರಿನಲ್ಲಿ ಭೂಮಿಯ ಸೆಳೆತವು ಬ್ರೇಕಿನ ವಿರುದ್ಧ ಕೆಲಸಮಾಡುವುದರಿಂದ ಈ ಮೊತ್ತವು 35 ಮೀಟರಿಗೆ ಹೋಗುತ್ತದೆ. ರಿಮ್ಮು ಮಳೆಯಲ್ಲಿ ತೊಯ್ದಿದ್ದರೆ ಇನ್ನೂ ಹೆಚ್ಚು. ಆದುದರಿಂದ ಇಳಿಜಾರಿನ ಮೇಲ್ತುದಿಯಲ್ಲಿಯೇ ಎರಡೂ ಬ್ರೇಕುಗಳನ್ನು ಪರೀಕ್ಷಿಸಿ, ವೇಗವು ಏರುವ ಮೊದಲೇ ತಡೆದು ತಡೆದು ಇಳಿಯಬೇಕು. ಮುಂದಿನ ಬ್ರೇಕನ್ನು ಒಂದನ್ನೇ ಒಮ್ಮೆಲೇ ಅದುಮಬಾರದು.

6. ನಮ್ಮ ಸುತ್ತಲಿನ ಮೂರು ಹಾದಿಗಳು

ಮೊದಲನೆಯದು ಸಮತಟ್ಟಿನ ಹಾದಿ, ಸಂಗಮದ ಹಾದಿ. ಸೊಲ್ಲಾಪುರದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಹತ್ತರಸಂಗ ಕೂಡಲ ಎಂಬ ಕ್ಷೇತ್ರವಿದೆ. ಅಲ್ಲಿ ಸೀನಾ ನದಿಯು ಭೀಮೆಯನ್ನು ಕೂಡುತ್ತದೆ. ಆಚೆಯ ದಡವು ವಿಜಯಪುರ ಜಿಲ್ಲೆ. ಸಂಗಮೇಶ್ವರ, ಹರಿಹರೇಶ್ವರ ದೇವಾಲಯಗಳೂ, ಮೈಯೆಲ್ಲ ಮುಖಗಳನ್ನು ಕೆತ್ತಿದ ಅಪೂರ್ವವಾದ ಶಿವಲಿಂಗವೂ ಅಲ್ಲಿವೆ. ಶಕ 940ರ, ಅಂದರೆ ಕ್ರಿಸ್ತಶಕ 1018ರ, ಮರಾಠಿ ವಾಕ್ಯವುಳ್ಳ ಶಾಸನವು ಅಲ್ಲಿ ದೊರೆತಿದೆ. ಅದು ಮರಾಠಿಯ ಅತಿ ಪ್ರಾಚೀನ ಶಾಸನಗಳಲ್ಲಿ ಒಂದು. ಆ ಶಾಸನವನ್ನು ಹೊತ್ತ ಊರಿನ ಹೆಸರಾದರೋ 'ಕೂಡಲ', ನದಿಗಳು ಕೂಡುವ ಸ್ಥಳವೆಂಬ ಅಚ್ಚಗನ್ನಡದ ಮಾತು. ಎರಡು ನದಿಗಳಂತೆ ಎರಡು ಭಾಷೆಗಳೂ ಅಲ್ಲಿ ಜಗಳವಿಲ್ಲದೆ ಕೂಡಿಕೊಂಡಿವೆ.

ಎರಡನೆಯದು ಬೋರಿ ನದಿಯ ಹಾದಿ. ಬಾಲಾಘಾಟದ ಸೀಮೆಯಲ್ಲಿ ಹುಟ್ಟಿ, ನಳದುರ್ಗದ ಕೋಟೆಯನ್ನು ಬಳಸಿ, ಕುರನೂರ ಅಣೆಕಟ್ಟಿನಲ್ಲಿ ತಂಗಿ, ಅಕ್ಕಲಕೋಟೆ ತಾಲೂಕನ್ನು ತಣಿಸಿ ಭೀಮೆಯನ್ನು ಸೇರುವ ಈ ನದಿಯೇ ನಮಗೆ ದಾರಿ ತೋರಿಸುವ ಗುರು. ಅಕ್ಕಲಕೋಟೆಯಿಂದ ಉತ್ತರಕ್ಕೆ ನಳದುರ್ಗವು ಸುಮಾರು 40 ಕಿಲೋಮೀಟರ್. ನದಿಯ ಮೇಲ್ಮುಖವಾಗಿ ಹೋಗುವುದರಿಂದ ಹೋಗುವಾಗ ಒಟ್ಟಿನಲ್ಲಿ ಏರು, ಬರುವಾಗ ಇಳಿವು. ದಣಿದ ಕಾಲಿಗೆ ಇದು ಅನುಕೂಲ. ನಳದುರ್ಗದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರಲ್ಲಿ, ಬೋರಿಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಒಡ್ಡು ಇಂದಿಗೂ ನಿಂತಿದೆ. ಒಡ್ಡಿನ ಹೊಟ್ಟೆಯೊಳಗೆ 'ಪಾಣಿ ಮಹಲ್' ಎಂಬ ಕೋಣೆಗಳು. ನದಿ ತುಂಬಿದಾಗ ನರ-ಮಾದಿ ಎಂಬ ಎರಡು ಧಾರೆಗಳಾಗಿ ನೀರು ಧುಮುಕುತ್ತದೆ. ಹಳ್ಳಿಗಳ ಒಳದಾರಿಯಿಂದಲೇ ಹೋಗಿ, ಸೊಲ್ಲಾಪುರ-ಹೈದರಾಬಾದ ಹೆದ್ದಾರಿಯನ್ನು ನಳದುರ್ಗದ ಬಳಿ ಮಾತ್ರ ಮುಟ್ಟಬೇಕು. ಅಲ್ಲಿ ಸೈಕಲ್ಲಿನಿಂದ ಇಳಿದು ದಾಟಬೇಕು.

ಮೂರನೆಯದು ಯಾತ್ರಿಕರ ಹಾದಿ. ಅಕ್ಕಲಕೋಟೆಯಿಂದ ಮೈಂದರ್ಗಿ, ದುಧನಿಗಳ ಕಡೆಯಿಂದ ರಾಜ್ಯದ ಗಡಿಯನ್ನು ದಾಟಿ ಭೀಮಾ-ಅಮರ್ಜಾ ಸಂಗಮದ ಗಾಣಗಾಪುರವನ್ನು ತಲಪುವುದು. ಇದು ಎರಡು ದಿನಗಳ ಪ್ರವಾಸ. ದೊಡ್ಡ ವಿದ್ಯಾರ್ಥಿಗಳಿಗೆ, ಅದೂ ಶಿಕ್ಷಕರೊಡನೆ, ಮಾತ್ರ ಯೋಗ್ಯವಾದುದು. ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಸ್ಥರಾದ ಅಕ್ಕಲಕೋಟೆಯಿಂದ ದತ್ತಕ್ಷೇತ್ರಕ್ಕೆ ಭಕ್ತರು ಬಹುಕಾಲದಿಂದ ಹೋಗಿಬರುತ್ತಿದ್ದಾರೆ. ಇಟಲಿಯಲ್ಲಿಯೂ ಹೀಗೆಯೇ. ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮಿನವರೆಗೆ ಹೋಗುವ ಪ್ರಾಚೀನ ಯಾತ್ರಾಮಾರ್ಗವು ಓರ್ಚಾ ಕಣಿವೆಯನ್ನು ಹಾದುಹೋಗುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ಸಿಗೆರಿಕ್ ಎಂಬ ಧರ್ಮಗುರುವು ಆ ಹಾದಿಯ ತಂಗುದಾಣಗಳನ್ನು ಬರೆದಿಟ್ಟಿದ್ದಾನೆ. ಇಂದು ಸೈಕಲ್ ಪ್ರವಾಸಿಗಳು ಅದನ್ನೇ ಅನುಸರಿಸುತ್ತಾರೆ. ಅಲ್ಲಿ ಪ್ರವಾಸಿಗಳಿಗೆ ಒಕ್ಕಲಿಗರು ತಮ್ಮ ಮನೆಗಳಲ್ಲಿ ಇಂಬು ಕೊಡುವ ಪದ್ಧತಿಗೆ 1985ರಲ್ಲಿ ಶಾಸನದ ಆಧಾರ ದೊರೆಯಿತು. ನಮ್ಮಲ್ಲಿ ಮಠಗಳ ದಾಸೋಹಕ್ಕೆ ಶಾಸನದ ಅಗತ್ಯವೇ ಬೀಳಲಿಲ್ಲ.

ಸೈಕಲ್ಲಿನ ಮೇಲೆ ಹೋಗುವವನು ಊರುಗಳ ಹೆಸರುಗಳನ್ನೂ ಓದಬೇಕು. ನಮ್ಮ ಸಲಗರಕ್ಕೆ ಅಂಟಿರುವ 'ಬುದ್ರುಕ' ಎಂಬುದು ಹಿರಿದು ಎಂಬರ್ಥದ 'ಬುಜುರ್ಗ' ಎಂಬ ಪಾರಸಿ ಶಬ್ದದಿಂದ ಬಂದುದು. 'ಖುರ್ದ' ಎಂದರೆ ಕಿರಿದು. ಮೈಂದರ್ಗಿ, ಕರಜಗಿ ಎಂಬ ಕನ್ನಡದ ಹೆಸರುಗಳು ಚಪಳಗಾಂವದಂಥ ಮರಾಠಿಯ ಹೆಸರುಗಳ ನೆರೆಯಲ್ಲಿರುವುದನ್ನು ಮೈಲಿಗಲ್ಲುಗಳೇ ಹೇಳುತ್ತವೆ. ಬಸ್ಸಿನ ವೇಗದಲ್ಲಿ ಓದಲಾಗದ ಇತಿಹಾಸವಿದು.

7. ಸಿದ್ಧತೆ ಮತ್ತು ನಿಯಮಗಳು

ಕಾಲ: ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತಮ. ಜೋಳವು ತೆನೆಯೊಡೆದು, ಕುಸುಬೆಯು ಹೂವಾಡಿ, ಎಳ್ಳ ಅಮಾವಾಸ್ಯೆಯ ಚರಗಕ್ಕೆ ಹೊಲಗಳೆಲ್ಲ ಮನೆಗಳಾಗುವ ಕಾಲವದು. ಆದರೆ ಇದೇ ಕಾಲದಲ್ಲಿ ಕಬ್ಬಿನ ಸುಗ್ಗಿಯೂ ನಡೆಯುತ್ತದೆ. ಸಕ್ಕರೆ ಕಾರಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿಗಳನ್ನು ಎಳೆಯುತ್ತ ದಾರಿಯನ್ನು ತುಂಬಿಕೊಂಡಿರುತ್ತವೆ, ಹಲವಕ್ಕೆ ಹಿಂದೀಪವಿರುವುದಿಲ್ಲ. ಅಂಥ ದಾರಿಗಳನ್ನು ಬಿಡಬೇಕು. ಕತ್ತಲಾದ ಮೇಲೆ ಯಾವ ದಾರಿಯಲ್ಲಿಯೂ ಸೈಕಲ್ ಹೊಡೆಯಬಾರದು.

ಗಾಳಿ: ಜೂನಿನಿಂದ ಆಗಸ್ಟಿನವರೆಗೆ ಪಶ್ಚಿಮದ ಗಾಳಿಯು ಬಯಲಿನಲ್ಲಿ ಬಲವಾಗಿ ಬೀಸುತ್ತದೆ. ಹೋಗುವಾಗ ಗಾಳಿಗೆ ಎದುರಾಗಿಯೂ ಬರುವಾಗ ಗಾಳಿಯ ಬೆನ್ನೇರಿಯೂ ಬರುವಂತೆ ಹಾದಿಯನ್ನು ಆರಿಸಬೇಕು.

ಸಾಮಗ್ರಿ: ಪಂಪು, ಪಂಕ್ಚರಿನ ತುಂಡುಗಳು ಮತ್ತು ಅಂಟು, ಎರಡು ಪಾನಾ, ಒಂದು ಟ್ಯೂಬು, ಮೂರು ಲೀಟರ್ ನೀರು, ಉಪ್ಪು-ಸಕ್ಕರೆಯ ಪೊಟ್ಟಣ, ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ಪ್ರತಿಫಲಕ. ಭಾರವನ್ನು ಬೆನ್ನಿಗೆ ಕಟ್ಟಿಕೊಳ್ಳದೆ ಕ್ಯಾರಿಯರಿಗೆ ಬಿಗಿಯಬೇಕು.

ಶಿಸ್ತು: ನಾಲ್ಕರಿಂದ ಆರು ಜನರ ತಂಡ; ಒಬ್ಬರ ಹಿಂದೆ ಒಬ್ಬರು; ಬಲವುಳ್ಳವನು ಕೊನೆಗೆ, ನಿಧಾನದವನು ಮುಂದೆ. ತಂಡದ ವೇಗವೆಂದರೆ ಅತಿ ನಿಧಾನದವನ ವೇಗ. ಬೆಳಗಿನ ಆರಕ್ಕೆ ಹೊರಟು ಹನ್ನೊಂದರೊಳಗೆ ಮರದ ನೆರಳನ್ನು ಸೇರಬೇಕು. ಫೋನಿನ ನಕ್ಷೆಯು ಹತ್ತಿರದ ದಾರಿಯನ್ನು ತೋರಿಸುವುದೇ ಹೊರತು ಪ್ರಶಾಂತವಾದ ದಾರಿಯನ್ನಲ್ಲ. ಅದನ್ನು ಹೊಲದಲ್ಲಿ ಕೆಲಸಮಾಡುವ ಹಿರಿಯರನ್ನು ಕೇಳಿ ತಿಳಿಯಬೇಕು.

8. ಪಾಲಕರಲ್ಲಿ ವಿನಂತಿ

ಮೊದಲನೆಯ ಮಾತು ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ್ದು. ಹದಿನಾಲ್ಕು-ಹದಿನೈದು ವರ್ಷದ ಮಗನ ಕೈಗೆ ಮೋಟಾರ್ ಸೈಕಲ್ಲನ್ನು ಕೊಟ್ಟು ಕಳಿಸುವುದು ಕೆಲವು ಮನೆಗಳಲ್ಲಿ ಪ್ರತಿಷ್ಠೆಯಾಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಮೇರೆಗೆ, ಅಪ್ರಾಪ್ತನು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕರು ಅಥವಾ ವಾಹನದ ಒಡೆಯರು 25,000 ರೂಪಾಯಿ ದಂಡಕ್ಕೂ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಗುರಿಯಾಗಬಹುದು. ದಂಡವನ್ನು ತೆತ್ತು ಮರೆಯಬಹುದು. ಮನೆಯ ದೀಪವು ನಂದಿದರೆ ಯಾವ ನ್ಯಾಯಾಲಯವೂ ಅದನ್ನು ಹಚ್ಚಿಕೊಡಲಾರದು. ಮಗನಿಗೆ ಸೈಕಲ್ಲನ್ನು ಕೊಡಿರಿ, ಮಗಳಿಗೂ ಕೊಡಿರಿ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಬಿಹಾರದಲ್ಲಿ 2006ರಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಒದಗಿಸಿದುದರ ಪರಿಣಾಮವಾಗಿ ಅವರ ದಾಖಲಾತಿಯು ಶೇಕಡಾ 30ಕ್ಕೂ ಹೆಚ್ಚಾಯಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿ ತೋರಿಸಿದ್ದಾರೆ. ಶಾಲೆಯು ದೂರವೆಂದು ಏಳನೆಯ ತರಗತಿಗೇ ಓದು ನಿಂತುಹೋಗುವ ಹುಡುಗಿಗೆ ಎರಡು ಚಕ್ರಗಳು ಎಂಥ ಆಸರೆಯೆಂಬುದನ್ನು ವಿಚಾರಮಾಡಿರಿ.

ಎರಡನೆಯ ಮಾತು ದಾರಿಗೆ ಸಂಬಂಧಿಸಿದ್ದು. ಹೊಲಗಳ ನಡುವಿನ ಬಂಡಿದಾರಿಗಳು, ಮರಾಠಿಯಲ್ಲಿ ಪಾಣಂದ ಎನಿಸಿಕೊಳ್ಳುವ ಹಾದಿಗಳು, ವರ್ಷಕ್ಕೊಂದು ಸಾಲಿನಂತೆ ನೇಗಿಲಿನ ಬಾಯಿಗೆ ಬೀಳುತ್ತಿವೆ. ಎರಡು ಬಂಡಿಗಳು ಎದುರುಬದುರಾಗಿ ಹೋಗುತ್ತಿದ್ದ ದಾರಿಯಲ್ಲಿ ಈಗ ಒಂದು ಎತ್ತು ಹೋಗುವುದೂ ಕಷ್ಟ. ಇಂಥ ದಾರಿಗಳನ್ನು ಬಲಪಡಿಸಲು ಮಹಾರಾಷ್ಟ್ರ ಸರ್ಕಾರವು 2021ರಲ್ಲಿ ಪ್ರತ್ಯೇಕ ಯೋಜನೆಯನ್ನೇ ಸಾರಿತು. ಆದರೆ ಬದುವಿನ ಒಡೆಯರಿಬ್ಬರು ಒಪ್ಪದೆ ಸರ್ಕಾರದ ಗರಸು ಬೀಳುವುದೆಲ್ಲಿ? ಅರ್ಧ ಗುಂಟೆಯ ಆಸೆಗಾಗಿ ನಾವು ಮುಚ್ಚುವ ದಾರಿ ನಮ್ಮ ಮಕ್ಕಳ ಶಾಲೆಯ ದಾರಿಯೂ ಹೌದು. ಒಳದಾರಿ ಮುಚ್ಚಿದರೆ ಆ ಮಕ್ಕಳು ಹೋಗಬೇಕಾದುದು ಟ್ರಕ್ಕುಗಳು ಓಡುವ ಹೆದ್ದಾರಿಗೆ. ಗಾಯೋಲೆಯ ಜನರು ತಮ್ಮ ಬಿಳಿಯ ಹಾದಿಗಳನ್ನು ಉಳಿಸಿಕೊಂಡುದು ಬಳಕೆಯಿಂದ. ನಮ್ಮ ಹಾದಿಗಳೂ ಉಳಿಯುವುದು ಬಳಕೆಯಿಂದ ಮತ್ತು ಒಬ್ಬರಿಗೊಬ್ಬರು ಒಂದು ಹೆಜ್ಜೆ ಸರಿದುಕೊಳ್ಳುವ ಔದಾರ್ಯದಿಂದ.

ಅಭ್ಯಾಸ

1. ಒಂದು ಮೀಟರ್ ಹಲಗೆಯ ತಗ್ಗಿನ ತುದಿಯನ್ನು 6 ಸೆಂಟಿಮೀಟರ್ ಎತ್ತಿದಾಗ ಅದು ಸಮವಾಯಿತು. ಇದೇ ಏರು 500 ಮೀಟರ್ ಮುಂದುವರಿದರೆ ದಾರಿಯು ಎಷ್ಟು ಮೇಲೇರುತ್ತದೆ?

2. ನಿಮ್ಮ ಮನೆಯ ಸೈಕಲ್ಲಿನ ಎರಡೂ ಹಲ್ಲುಗಾಲಿಗಳ ಹಲ್ಲುಗಳನ್ನು ಎಣಿಸಿ, ಪೆಡಲಿನ ಒಂದು ಸುತ್ತಿಗೆ ಸಾಗುವ ದೂರವನ್ನು ಲೆಕ್ಕಹಾಕಿರಿ. ಅಂಗಳದಲ್ಲಿ ಅಳೆದು ಉತ್ತರವನ್ನು ತಾಳೆನೋಡಿರಿ.

3. ಗಂಟೆಗೆ 27 ಕಿಲೋಮೀಟರ್ ವೇಗದಲ್ಲಿ ಸಮನಾದ ದಾರಿಯಲ್ಲಿ ಹೋಗುವವನು ನಿಲ್ಲಲು ಒಟ್ಟು ಎಷ್ಟು ಮೀಟರ್ ಬೇಕು? ಪಾಠದ ಅಂಕಿಗಳನ್ನೇ ಬಳಸಿರಿ.

4. ನಿಮ್ಮ ಮನೆಯಿಂದ ಶಾಲೆಯವರೆಗೆ ಹೆದ್ದಾರಿಯನ್ನು ಮುಟ್ಟದ ಹಾದಿಯ ನಕ್ಷೆಯನ್ನು ಬರೆಯಿರಿ. ಆ ಹಾದಿಯು ಮೊದಲು ಎಷ್ಟು ಅಗಲವಿದ್ದಿತು, ಈಗ ಎಷ್ಟು ಅಗಲವಿದೆ ಎಂಬುದನ್ನು ಮನೆಯ ಅಜ್ಜಂದಿರನ್ನು ಕೇಳಿ ಬರೆದುಕೊಂಡು ಬನ್ನಿರಿ.